ನಕ್ಷತ್ರ ಹತ್ತಿರ, ಪರದೆ ದೂರ

ಹೋದ ವಾರ ಅಮೆರಿಕದ ಅಟ್ಲಾಂಟಾದ ಫಾಕ್ಸ್ ಥಿಯೇಟರಿಗೆ ಪಕ್ಕದ ಮನೆಯ ಅಜ್ಜಿಯೂ ನಮ್ಮ ಜೊತೆ ಬಂದಿದ್ದರು. ಮಗಳು ಒಳಗೆ ಕಾಲಿಟ್ಟವಳೇ ತಲೆ ಎತ್ತಿ ನಿಂತಳು. ಅಲ್ಲಿ ಚಾವಣಿಯೇ ಆಕಾಶ. ನಕ್ಷತ್ರ ಮಿನುಗುತ್ತವೆ, ಮೋಡ ತೇಲುತ್ತವೆ. ಸುತ್ತ ಅರಬ್ಬರ ಕೋಟೆಯಂಥ ಗೋಡೆ.

"ಚಿಕ್ಕವರಿದ್ದಾಗ ನೀವು ಎಲ್ಲಿ ಕೂರ್ತಿದ್ರಿ?" ಎಂದು ಅಜ್ಜಿಯನ್ನು ಕೇಳಿದಳು. ಅವರು ತೀರಾ ಮೇಲಿನ ಗ್ಯಾಲರಿ ತೋರಿಸಿದರು. "ಅಲ್ಲಿ. ನಕ್ಷತ್ರ ಹತ್ತಿರ, ಪರದೆ ದೂರ."

ಮಗಳು ನಕ್ಕಳು. ನನಗೆ ನಗು ಬರಲಿಲ್ಲ. ಅಜ್ಜಿ ಕಪ್ಪು ಜನಾಂಗದವರು. 60ರ ದಶಕದ ಶುರುವಿನವರೆಗೂ ಅವರಿಗೆ ಇಲ್ಲಿ ಬೇರೆ ಟಿಕೆಟ್ ಕಿಟಕಿ, ಹೊರಗಿನಿಂದ ಹತ್ತುವ ಬೇರೆ ಮೆಟ್ಟಿಲು.

ಶ್ರೈನರ್ಸ್ ಎಂಬ ಸಂಘದವರು ತಮ್ಮ ಸಭಾಭವನಕ್ಕೆಂದು ಶುರು ಮಾಡಿದ ಕಟ್ಟಡ ಇದು. ಖರ್ಚು ಕೈಮೀರಿತು, ಸಿನಿಮಾದವರಿಗೆ ಬಾಡಿಗೆಗೆ ಕೊಟ್ಟರು. 1929ರ ಕ್ರಿಸ್‌ಮಸ್ ದಿನ ಬಾಗಿಲು ತೆರೆಯಿತು. 70ರ ದಶಕದಲ್ಲಿ ಇದನ್ನು ಕೆಡವಿ ಆಫೀಸು ಕಟ್ಟಲು ಟೆಲಿಫೋನ್ ಕಂಪನಿಯೊಂದು ಮುಂದಾಯಿತು. ಊರಿನವರು ಬಿಡಲಿಲ್ಲ. ಲಾಭದ ಆಸೆಯಿಲ್ಲದ ಸಂಸ್ಥೆಯೊಂದು 1975ರಲ್ಲಿ ಸಾಲ ಮಾಡಿ ಕೊಂಡಿತು. ಜನ ದುಡ್ಡು ಕೊಟ್ಟರು, 1978ರಲ್ಲಿ ಸಾಲ ತೀರಿತು. ಕಂಪನಿಯವರು ಪಕ್ಕದಲ್ಲೇ ಕಟ್ಟಿಕೊಂಡರು. ಎರಡೂ ಇವೆ, ಯಾರಿಗೂ ನಷ್ಟ ಆಗಲಿಲ್ಲ ಅಲ್ವಾ?

ಅಜ್ಜಿಯೂ ಆಗ ಚಂದಾ ಕೊಟ್ಟಿದ್ದರಂತೆ. ನನಗೆ ತಡೆಯಲಾಗಲಿಲ್ಲ. ನಿಮ್ಮನ್ನು ಮುಂಬಾಗಿಲಲ್ಲಿ ಬಿಡದ ಥಿಯೇಟರಿಗೆ ಯಾಕೆ ಕೊಟ್ರಿ ಎಂದೆ.

"ಕೆಡವಿದ್ದರೆ ನಾನೆಲ್ಲಿ ಕೂತಿದ್ದೆ ಅಂತ ನಿನ್ನ ಮಗಳಿಗೆ ಹೇಗೆ ತೋರಿಸ್ತಿದ್ದೆ?"

ವಾಪಸ್ ಬರುವಾಗ ಕಾರಿನಲ್ಲಿ ಮಗಳ ಪ್ರಶ್ನೆ ನನ್ನ ಕಡೆ ತಿರುಗಿತು. ಗಾಂಧಿ ಕ್ಲಾಸ್ ಎಂದೆ. ನಮ್ಮಲ್ಲಿ ಲೆಕ್ಕ ಉಲ್ಟಾ. ಕಾಸಿದ್ದವರು ಮೇಲೆ ಬಾಲ್ಕನಿಯಲ್ಲಿ, ಇಲ್ಲದವರು ಪರದೆಯ ಮೂಗಿನ ಕೆಳಗೆ. ಕತ್ತು ನೋಯುತ್ತಿತ್ತು. ಹೀರೋ ಬಂದಾಗ ಚಿಲ್ಲರೆ ಎಸೆಯುತ್ತಿದ್ದವರೂ ನಾವೇ, ಬಾಲ್ಕನಿಯವರಲ್ಲ!

ಆದರೆ ತೋರಿಸೋಣ ಎಂದರೆ ಬೆಂಗಳೂರಿನ ಕಪಾಲಿ ಥಿಯೇಟರ್ ಈಗ ಇಲ್ಲ. ಪ್ಲಾಜಾ ಇದ್ದ ಕಡೆ ಮೆಟ್ರೋ ನಿಲ್ದಾಣ. ಮೆಜೆಸ್ಟಿಕ್ ಎಂಬ ಥಿಯೇಟರೇ ಹೋಗಿ, ಬಸ್ಸಿನ ಬೋರ್ಡಿನಲ್ಲಿ ಹೆಸರು ಉಳಿದಿದೆ. ಮೆಟ್ರೋ ಬೇಕು, ಒಪ್ಪುತ್ತೇನೆ. ಒಂದೇ ಪರದೆ ಇಟ್ಟುಕೊಂಡು ಮಾಲೀಕ ಎಷ್ಟು ದಿನ ಕೈಯಿಂದ ಹಾಕಿಯಾನು? ಆದರೆ ಕಪಾಲಿ ಹೋದಾಗ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಎರಡು ದಿನ ಹಳೇ ಫೋಟೋ ಓಡಾಡಿದವು. ಮೂರನೇ ದಿನ ಅಲ್ಲಿ ಬರುವ ಮಾಲ್‌ನಲ್ಲಿ ಎಷ್ಟು ಸ್ಕ್ರೀನು ಎಂಬ ಚರ್ಚೆ ಶುರುವಾಗಿತ್ತು.