ಜಾನ್‌ಸ್ಟನ್ ಹಡಗಿನ 557

ಫಿಲಿಪ್ಪೀನ್ಸ್ ಬಳಿಯ ಕಡಲಿನಲ್ಲಿ ಆರು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ ಮಲಗಿರುವ ಅಮೆರಿಕದ ಯುದ್ಧನೌಕೆ ಜಾನ್‌ಸ್ಟನ್‌ನ ಮುಂಭಾಗದಲ್ಲಿ ಅದರ ಗುರುತಿನ ಸಂಖ್ಯೆ 557 ಇನ್ನೂ ಸ್ಪಷ್ಟವಾಗಿ ಕಾಣುವ ಚಿತ್ರವನ್ನು ಇಂದು ಮತ್ತೆ ನೋಡಿದೆ. 2021ರಲ್ಲಿ ಅಲ್ಲಿಗೆ ಇಳಿದವರು ತೆಗೆದ ಚಿತ್ರವದು.

1944ರ ಅಕ್ಟೋಬರ್ 25ರ ಬೆಳಿಗ್ಗೆ ಸಮಾರ್ ದ್ವೀಪದ ಬಳಿ, ಆರು ಸಣ್ಣ ವಿಮಾನವಾಹಕ ನೌಕೆಗಳ ಕಾವಲಿಗಿದ್ದ ಈ ಹಡಗಿನೆದುರು, ದೈತ್ಯ ಯಮಾಟೊ ಸೇರಿದಂತೆ ಜಪಾನಿನ ನಾಲ್ಕು ಮಹಾಯುದ್ಧನೌಕೆಗಳಿದ್ದ ಪಡೆ ಅನಿರೀಕ್ಷಿತವಾಗಿ ಎದುರಾಯಿತು. ಯಮಾಟೊದ ಫಿರಂಗಿಗಳು 46 ಸೆಂಟಿಮೀಟರ್ ಬಾಯಿಯವು. ಜಾನ್‌ಸ್ಟನ್‌ನಲ್ಲಿದ್ದವು ಐದು ಇಂಚಿನ ಐದೇ ಫಿರಂಗಿಗಳು. ಆದರೂ ಅದರ ನಾಯಕ ಕಮಾಂಡರ್ ಅರ್ನೆಸ್ಟ್ ಇವಾನ್ಸ್ ಮೇಲಿನ ಆಜ್ಞೆಗೆ ಕಾಯದೆ ಹಡಗನ್ನು ಶತ್ರುವಿನತ್ತಲೇ ತಿರುಗಿಸಿ, ಹತ್ತು ಟಾರ್ಪಿಡೊಗಳನ್ನೂ ಹಾರಿಸಿ, ಕುಮಾನೊ ಎಂಬ ಕ್ರೂಸರಿನ ಮುಂಭಾಗವನ್ನು ಮುರಿದರು. ಆಮೇಲೆ ಗಾಯಗೊಂಡಿದ್ದ ಅವರು ಹಡಗಿನ ಹಿಂಭಾಗಕ್ಕೆ ಹೋಗಿ, ಕೆಳಗೆ ಕೈಯಿಂದಲೇ ಚುಕ್ಕಾಣಿ ತಿರುಗಿಸುತ್ತಿದ್ದ ನಾವಿಕರಿಗೆ ಕೂಗಿ ಕೂಗಿ ದಿಕ್ಕು ಹೇಳುತ್ತಿದ್ದರು. ನನ್ನ ಮನಸ್ಸು ಪ್ರತಿ ಸಲವೂ ಅಲ್ಲಿಯೇ ನಿಲ್ಲುತ್ತದೆ.

ಹಡಗು ಮುಳುಗಿತು. 327 ಮಂದಿಯಲ್ಲಿ 186 ಮಂದಿ ಮರಳಲಿಲ್ಲ. ಇವಾನ್ಸ್ ಅವರ ದೇಹ ಸಿಗಲೇ ಇಲ್ಲ. ನೀರಿಗಿಳಿದು ಬದುಕುಳಿದವರು ರಕ್ಷಣೆ ಬರುವವರೆಗೆ ಎರಡು ರಾತ್ರಿ ಕಡಲಿನಲ್ಲೇ ಕಳೆದರು. ಕೊನೆಗೆ ಅಮೆರಿಕವೇ ಗೆದ್ದ ಕಾಳಗದಲ್ಲಿಯೂ ತಮ್ಮವರನ್ನು ಇಷ್ಟು ಹೊತ್ತು ಕಾಯಿಸಿದ್ದು ನನಗೆ ಇಂದಿಗೂ ಸಹಿಸಲಾಗದ ಸಂಗತಿ. ಓಕ್ಲಹೋಮಾದ ಮೂಲನಿವಾಸಿ ಮನೆತನದಿಂದ ಬಂದ ಇವಾನ್ಸ್ ಅವರಿಗೆ ಮರಣೋತ್ತರವಾಗಿ ಅಮೆರಿಕದ ಅತ್ಯುನ್ನತ ಶೌರ್ಯಪದಕ ಸಂದಿತು.