ಫರ್ನಿಚರ್ ಮೇಳದಲ್ಲಿ ನಾನು ಮೊದಲು ಮುಟ್ಟಿ ನೋಡುವುದು ಅಂಚನ್ನು

ಬೆಂಗಳೂರಿನ ಮಾದಾವರದ ಬಿಐಇಸಿ ವಸ್ತುಪ್ರದರ್ಶನ ಕೇಂದ್ರದಲ್ಲಿ ಎರಡು ವರ್ಷಕ್ಕೊಮ್ಮೆ ಇಂಡಿಯಾವುಡ್ ಮೇಳ ನಡೆಯುತ್ತದೆ. ಮರ, ಪ್ಲೈವುಡ್, ಲ್ಯಾಮಿನೇಟ್, ಹಿಂಜ್, ಅಂಟು, ಇವನ್ನೆಲ್ಲ ಕೊಯ್ದು ಜೋಡಿಸುವ ಮೆಷಿನ್‌ಗಳು, ಎಲ್ಲವೂ ಒಂದೇ ಕಡೆ. ನಾನು ಮೈಸೂರಿನಲ್ಲಿ ಮನೆಗಳ ಇಂಟೀರಿಯರ್ ಕೆಲಸ ಮಾಡುವವಳು. 2024ರ ಫೆಬ್ರವರಿಯ ಮೇಳಕ್ಕೆ ನಮ್ಮ ಕಾರ್ಪೆಂಟರ್ ಮೇಸ್ತ್ರಿಯನ್ನೂ ಕರೆದುಕೊಂಡು ಹೋಗಿದ್ದೆ. ಆಗ ಮೆಟ್ರೊ ನಾಗಸಂದ್ರಕ್ಕೇ ಮುಗಿಯುತ್ತಿತ್ತು. ಮುಂದಕ್ಕೆ ತುಮಕೂರು ರಸ್ತೆಯ ಲಾರಿಗಳ ನಡುವೆ ಆಟೊ. ಅದೇ ವರ್ಷ ನವೆಂಬರ್‌ನಲ್ಲಿ ಮಾದಾವರದವರೆಗೆ ರೈಲು ಬಂತು. ಇನ್ನು ಮುಂದೆ ಹೋಗುವವರು ಪುಣ್ಯವಂತರು.

ವಾಪಸ್ ಬಂದ ಮೇಲೆ ಕ್ಲೈಂಟ್‌ಗಳೆಲ್ಲ ಕೇಳಿದ್ದು ಒಂದೇ ಪ್ರಶ್ನೆ. "ಮೇಡಂ, ಏನು ಹೊಸ ಟ್ರೆಂಡು?" ಶಟರಿನ, ಅಂದರೆ ಕಪಾಟಿನ ಬಾಗಿಲಿನ, ಅಂಚು ಅಂತ ಹೇಳಿದರೆ ಅವರ ಮುಖ ಸಪ್ಪಗಾಗುತ್ತದೆ. ಆದರೂ ನಾನು ಹೇಳುವುದು ಅದನ್ನೇ.

ಬಣ್ಣದ ವಿಷಯ ಬೇಗ ಮುಗಿಸಿಬಿಡುತ್ತೇನೆ. ಫಳಫಳ ಹೊಳೆಯುವ ಕೆಂಪು, ನೇರಳೆ ಅಡುಗೆಮನೆಗಳ ಕಾಲ ಹೋಯಿತು. ಈಗ ಎಲ್ಲಿ ನೋಡಿದರೂ ಮ್ಯಾಟ್. ಮಣ್ಣಿನ ಬಣ್ಣ, ಮರಳಿನ ಬಣ್ಣ, ಬೂದಿ ಬೆರೆತ ಹಸಿರು, ತಿಳಿ ಓಕ್ ಮರದ ಗೆರೆ. ಜಪಾನ್ ಮತ್ತು ಸ್ಕ್ಯಾಂಡಿನೇವಿಯಾದ ಶೈಲಿ ಬೆರೆಸಿ 'ಜಪಾಂಡಿ' ಅಂತಾರಲ್ಲ, ಅದರ ಗಾಳಿ ಜೋರಾಗಿದೆ. ಚೂಪು ಮೂಲೆಗಳು ಹೋಗಿ ಎಲ್ಲವೂ ದುಂಡಗಾಗುತ್ತಿವೆ. ಬಾಗುವ ಫ್ಲೆಕ್ಸಿ ಪ್ಲೈ ಸುಲಭವಾಗಿ ಸಿಗುವುದರಿಂದ ದುಂಡು ಮಾಡುವುದು ಮೊದಲಿನಷ್ಟು ಕಷ್ಟವೂ ಅಲ್ಲ. ಚಿಕ್ಕ ಮಕ್ಕಳಿರುವ ಮನೆಗೆ ಒಳ್ಳೆಯದೇ. ನನಗೂ ಇಷ್ಟ.

ಇಷ್ಟವಾಗದ್ದು ಉದ್ದುದ್ದ ಗೆರೆಗಳ ಫ್ಲೂಟೆಡ್ ಪ್ಯಾನೆಲ್. ಅದಿಲ್ಲದ ಸ್ಟಾಲೇ ಇರಲಿಲ್ಲ ಅನ್ನಬಹುದು. ಟಿವಿ ಹಿಂದೆ, ಮಂಚದ ಹಿಂದೆ, ಬಾಗಿಲಿಗೆ, ಕೊನೆಗೆ ಅಡುಗೆಮನೆಯ ಶಟರಿಗೂ! ಮರದ ನಾರನ್ನು ಒತ್ತಿ ಮಾಡಿದ ಎಂಡಿಎಫ್‌ನಲ್ಲಿ ಸಿಗುತ್ತದೆ, ಮರದ ಪುಡಿಗೆ ಪ್ಲಾಸ್ಟಿಕ್ ಬೆರೆಸಿದ ಡಬ್ಲ್ಯುಪಿಸಿಯಲ್ಲಿ ಸಿಗುತ್ತದೆ, ಪ್ಲಾಸ್ಟಿಕ್ಕಿನಲ್ಲೂ ಸಿಗುತ್ತದೆ. ಸ್ಟಾಲಿನ ಲೈಟಿನಲ್ಲಿ ಆ ನೆರಳು ಬೆಳಕಿನ ಆಟ ಚೆನ್ನಾಗಿಯೇ ಕಾಣುತ್ತದೆ. ಆದರೆ ದಿನಾ ಒಗ್ಗರಣೆ ಹಾಕುವ ಮನೆಯಲ್ಲಿ ಎಣ್ಣೆ ಹೊಗೆ ಆ ಗೆರೆಯೊಳಗೆ ಕೂತು, ಮೇಲೆ ಧೂಳು ಹಿಡಿದರೆ ಒರೆಸುವವರು ಯಾರು? ನಾನು ಹಾಲಿನ ಒಂದು ಗೋಡೆಗೆ ಒಪ್ಪುತ್ತೇನೆ, ಅಡುಗೆಮನೆಗೆ ಸುತಾರಾಂ ಇಲ್ಲ.

ಟಿಂಟೆಡ್ ಗಾಜಿನ ವಾರ್ಡ್‌ರೋಬ್ ಇನ್ನೊಂದು. ತೆಳು ಅಲ್ಯುಮಿನಿಯಂ ಫ್ರೇಮು, ಕಂದು ಗಾಜು, ಒಳಗೆ ಎಲ್‌ಇಡಿ. ಸ್ಟಾಲಿನಲ್ಲಿ ಆ ಗಾಜಿನ ಹಿಂದೆ ಎರಡು ಬಿಳಿ ಶರ್ಟು, ಒಂದು ಲೆದರ್ ಬ್ಯಾಗು. ನಮ್ಮ ಮನೆಗಳ ಬೀರುವಿನಲ್ಲಿ ಇರುವುದು ಬ್ಲೌಸ್ ಪೀಸುಗಳ ಗಂಟು, ಹಳೆಯ ಬೆಡ್‌ಶೀಟು, ಯಾರದೋ ಮದುವೆಯಲ್ಲಿ ಬಂದ ಸ್ಟೀಲ್ ಡಬ್ಬಿ. ಹಾಗಾಗಿ ನಾಲ್ಕು ಶಟರ್ ಇದ್ದರೆ ಒಂದಕ್ಕೆ ಮಾತ್ರ ಗಾಜು ಹಾಕೋಣ, ರೇಷ್ಮೆ ಸೀರೆ ಅಲ್ಲಿಡಿ ಅಂತೀನಿ. ಹಿಡಿಕೆ ಇಲ್ಲದ ಅಡುಗೆಮನೆಯೂ ಹಾಗೇ. ಹಿಡಿಕೆಯ ಬದಲು ಶಟರಿನ ಮೇಲೆ ಉದ್ದಕ್ಕೂ ಗೋಲಾ ಪ್ರೊಫೈಲ್ ಎಂಬ ಅಲ್ಯುಮಿನಿಯಂ ಕಾಲುವೆ ಬರುತ್ತದೆ. ಕಾಯಿತುರಿ, ರವೆ, ದೋಸೆ ಹಿಟ್ಟು ಎಲ್ಲ ಅದರೊಳಗೆ. ತೆಗೆದುಕೊಳ್ಳಬೇಡಿ ಅನ್ನುವುದಿಲ್ಲ. ವಾರಕ್ಕೊಮ್ಮೆ ಬ್ರಶ್ ಹಾಕಿ ಉಜ್ಜುವುದಕ್ಕೆ ತಯಾರಿದ್ದರೆ ತೆಗೆದುಕೊಳ್ಳಿ ಅಂತೀನಿ.

ಈಗ ಅಂಚಿಗೆ ಬರೋಣ.

ಪ್ಲೈ ಆಗಲಿ, ಎಂಡಿಎಫ್ ಆಗಲಿ, ಕೊಯ್ದ ಮೇಲೆ ಅದರ ನಾಲ್ಕು ಅಂಚು ಬೆತ್ತಲೆ. ಅಲ್ಲಿಗೆ ಪಿವಿಸಿ ಅಥವಾ ಎಬಿಎಸ್ ಎಂಬ ಪ್ಲಾಸ್ಟಿಕ್ಕಿನ ಪಟ್ಟಿ ಅಂಟಿಸುತ್ತಾರೆ. ಇದೇ ಎಡ್ಜ್ ಬ್ಯಾಂಡ್. ಸೈಟಿನಲ್ಲೇ ಕೆಲಸ ಮಾಡುವಾಗ ಬಡಗಿ ಕೈಯಿಂದ ಅಂಟು ಸವರಿ, ಪಟ್ಟಿ ಒತ್ತಿ, ಉಳಿದದ್ದನ್ನು ಕತ್ತರಿಸಿ ತೆಗೆಯುತ್ತಾನೆ. ಹೊಸದರಲ್ಲಿ ಚೆನ್ನಾಗಿರುತ್ತದೆ. ಸಿಂಕಿನ ಕೆಳಗಿನ ಶಟರಿನಲ್ಲಿ ಮೊದಲು ಕಿತ್ತು ಬರುವುದೂ ಅದೇ. ಹಬ್ಬ ಬಂತೆಂದರೆ ಅಡುಗೆಮನೆಗೆ ಬಕೆಟ್‌ಗಟ್ಟಲೆ ನೀರು ಹಾಕಿ ತೊಳೆಯುವ ಮನೆಗಳು ನಮ್ಮಲ್ಲಿ ಕಡಿಮೆ ಏನಿಲ್ಲ. ನೀರು ಶಟರಿನ ಮುಖದಿಂದ ಒಳಗೆ ಹೋಗುವುದಿಲ್ಲ, ಲ್ಯಾಮಿನೇಟ್ ಅದನ್ನು ತಡೆಯುತ್ತದೆ. ಅದು ಒಳಗೆ ಹೋಗುವುದು ಅಂಚಿನಿಂದ. ಅದರಲ್ಲೂ ಯಾರ ಕಣ್ಣಿಗೂ ಬೀಳದ ಕೆಳಗಿನ ಅಂಚಿನಿಂದ.

ಮೆಷಿನ್‌ನಲ್ಲಿ ಅಂಟಿಸುವುದರಲ್ಲೂ ಎರಡು ಮೂರು ಬಗೆ ಇದೆ. ಮಾಮೂಲಿ ಇವಿಎ ಅಂಟು ಬಿಸಿಗೆ ಕರಗಿ, ತಣ್ಣಗಾದಾಗ ಗಟ್ಟಿಯಾಗುತ್ತದೆ. ಮತ್ತೆ ಬಿಸಿ ತಗುಲಿದರೆ ಮತ್ತೆ ಮೆತ್ತಗಾಗುತ್ತದೆ. ಓವನ್ ಪಕ್ಕದ, ಸ್ಟೌ ಕೆಳಗಿನ ಶಟರ್‌ಗಳಲ್ಲಿ ಪಟ್ಟಿ ಜಾರುವುದು ಇದಕ್ಕೇ. ಪಿಯುಆರ್ ಅಂಟು ಗಾಳಿಯ ತೇವ ಹೀರಿಕೊಂಡು ಗಟ್ಟಿಯಾಗುತ್ತದೆ. ಒಮ್ಮೆ ಹಿಡಿದರೆ ಮತ್ತೆ ಕರಗುವುದಿಲ್ಲ, ನೀರಿಗೂ ಹಬೆಗೂ ಚೆನ್ನಾಗಿ ತಡೆಯುತ್ತದೆ. ಆದರೆ ಕೆಲಸ ಮುಗಿದ ಮೇಲೆ ಮೆಷಿನ್ನಿನ ಅಂಟಿನ ಪಾತ್ರೆ ಕ್ಲೀನ್ ಮಾಡದೆ ಬಿಟ್ಟರೆ ಒಳಗೇ ಕಲ್ಲಾಗುತ್ತದೆ. ಆ ರಗಳೆಗೆ ಹೆದರಿ ಸಣ್ಣ ಕಾರ್ಖಾನೆಗಳು ಇವಿಎ ಬಿಡುವುದಿಲ್ಲ. ಲೇಸರ್ ಬ್ಯಾಂಡಿಂಗ್‌ನಲ್ಲಿ ಬೇರೆ ಅಂಟೇ ಇಲ್ಲ. ಪಟ್ಟಿಯ ಹಿಂಬದಿಯಲ್ಲೇ ಒಂದು ತೆಳು ಪದರ ಇರುತ್ತದೆ, ಅದನ್ನು ಕರಗಿಸಿ ಒತ್ತುತ್ತಾರೆ. ಜೋಡಣೆಯ ಗೆರೆ ಹುಡುಕಿದರೂ ಕಾಣುವುದು ಕಷ್ಟ.

ಹಾಗಾಗಿ ಸ್ಟಾಲಿಗೆ ಹೋದರೆ ನಾನು ಶಟರ್ ತೆರೆದು ಉಗುರನ್ನು ಅಂಚಿನ ಮೇಲೆ ಅಡ್ಡಡ್ಡ ಎಳೆದು ನೋಡುತ್ತೇನೆ. ಉಗುರು ಸಿಕ್ಕಿಕೊಂಡರೆ ಅಲ್ಲಿ ಕೊಳೆಯೂ ಸಿಕ್ಕಿಕೊಳ್ಳುತ್ತದೆ, ವರ್ಷ ಕಳೆಯುವುದರೊಳಗೆ ಬಿಳಿ ಶಟರಿನ ಸುತ್ತ ಕಪ್ಪು ಗೆರೆ ಬರುತ್ತದೆ. ಆಮೇಲೆ ಬಗ್ಗಿ ಕೆಳಗಿನ ಅಂಚಿಗೆ ಪಟ್ಟಿ ಹಾಕಿದ್ದಾರಾ ಅಂತ ನೋಡುತ್ತೇನೆ. ಲಕ್ಷಗಟ್ಟಲೆ ಖರ್ಚು ಮಾಡಿ ಕಟ್ಟಿದ ಸ್ಟಾಲಿನಲ್ಲೂ ಒಂದೆರಡು ಕಡೆ ಕೆಳಗೆ ಬರೀ ಮರದ ಪುಡಿ ಕೈಗೆ ಬಂತು. ಸೇಲ್ಸ್ ಹುಡುಗರು ಸೀರೆ ಉಟ್ಟ ಹೆಂಗಸು ನೆಲಕ್ಕೆ ಕೂತಿದ್ದು ನೋಡಿ ಗಾಬರಿಯಾಗಿ ಕುರ್ಚಿ ತಂದರು!

ಬೋರ್ಡುಗಳ ವಿಷಯದಲ್ಲಿ ಈಗ ಮರದ ನಾರನ್ನು ಬಿಗಿಯಾಗಿ ಒತ್ತಿ, ತೇವ ತಡೆಯುವಂತೆ ಮಾಡಿದ ಎಚ್‌ಡಿಎಚ್‌ಎಂಆರ್ ಹವಾ. ಮೈ ನುಣುಪು, ಒಳಗೆ ಟೊಳ್ಳಿಲ್ಲ, ಮೆಷಿನ್‌ನಲ್ಲಿ ಬೆಣ್ಣೆಯಂತೆ ಕೊಯ್ಯುತ್ತದೆ. ಒಳ್ಳೆಯ ಮಾಲೇ. ಆದರೆ ತೇವ ತಡೆಯುತ್ತದೆ ಅಂದರೆ ನೀರಿನಲ್ಲಿ ನೆನೆದರೂ ಏನೂ ಆಗಲ್ಲ ಅಂತ ಅಲ್ಲ. ನೀರು ತಡೆಯುವ ಮರೈನ್ ಪ್ಲೈವುಡ್‌ಗೆ ಇರುವ ಐಎಸ್ 710 ಎಂಬ ಭಾರತೀಯ ಮಾನದಂಡದಲ್ಲಿ 72 ಗಂಟೆ ಕುದಿಸಿ ಪರೀಕ್ಷೆ ಮಾಡುತ್ತಾರೆ. ಸಿಂಕಿನ ಕೆಳಗೆ ನಾನು ಇವತ್ತಿಗೂ ಅದನ್ನೇ ಹಾಕಿಸುವುದು. ಇನ್ನೊಂದು, ತೂಕ. ಘನ ಮೀಟರಿಗೆ 850 ಕಿಲೊ ಇರುವ ಬೋರ್ಡಿನಲ್ಲಿ ಏಳು ಅಡಿ ಎತ್ತರ, ಒಂದೂವರೆ ಅಡಿ ಅಗಲ, 18 ಮಿ.ಮೀ. ದಪ್ಪದ ವಾರ್ಡ್‌ರೋಬ್ ಶಟರ್ ಮಾಡಿದರೆ ಸುಮಾರು 15 ಕಿಲೊ. ಅದೇ ಅಳತೆಯ ಶಟರ್ 650 ಕಿಲೊ ಸಾಂದ್ರತೆಯ ಪ್ಲೈನಲ್ಲಿ ಹನ್ನೊಂದು, ಹನ್ನೊಂದೂವರೆ ಕಿಲೊ. ಪ್ಲೈ ಲೆಕ್ಕದಲ್ಲಿ ಹಿಂಜ್ ಹಾಕಿ, ಬೋರ್ಡು ಬದಲಾಯಿಸಿದರೆ ಬಾಗಿಲು ಜೋತು ಬೀಳುತ್ತದೆ. ಕೊಟೇಶನ್‌ನಲ್ಲಿ ಬೋರ್ಡು ಬದಲಾದರೆ ಹಿಂಜ್ ಸಂಖ್ಯೆಯನ್ನೂ ಮತ್ತೆ ನೋಡಿ. ಇದು ನನ್ನ ಜೊತೆ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರಿಗೆ ನಾನು ಮೊದಲ ವಾರವೇ ಹೇಳುವ ಮಾತು.

ನಮ್ಮ ಮೇಸ್ತ್ರಿ ಮಾತ್ರ ಬಣ್ಣಬಣ್ಣದ ಸ್ಟಾಲುಗಳ ಕಡೆ ತಲೆಯೂ ಹಾಕಲಿಲ್ಲ. ಮೆಷಿನ್ ಹಾಲಿನಲ್ಲೇ ನಿಂತುಬಿಟ್ಟ. ರಾಜಸ್ಥಾನದವನು, ಮೈಸೂರಿಗೆ ಬಂದು ಎಷ್ಟೋ ಕಾಲವಾಗಿ ನಮಗಿಂತ ಚೆನ್ನಾಗಿ ಕನ್ನಡದಲ್ಲಿ ಜಗಳ ಆಡುತ್ತಾನೆ. ಇಂಥ ಮೆಷಿನ್‌ಗಳೆಲ್ಲ ಜರ್ಮನಿ, ಇಟಲಿಯಿಂದಲೇ ಬರಬೇಕು ಅಂದುಕೊಂಡಿದ್ದ. ಇಟಲಿಯ ಬಿಯೆಸ್ಸೆ ಕಂಪನಿಯ ಕಾರ್ಖಾನೆ ನಮ್ಮ ನೆಲಮಂಗಲದ ಕಡೆಯೇ ಇದೆ ಅಂದಾಗ ನಂಬಲಿಲ್ಲ.

ಅಲ್ಲಿ ಒಂದು ಹಲಗೆ ಒಳಗೆ ಹೋಯಿತು. ಅದರ ಮೇಲೆ ಸ್ಟಿಕ್ಕರ್, ಸ್ಟಿಕ್ಕರ್ ಓದಿಕೊಂಡು ಮೆಷಿನ್ ತೂತು ಕೊರೆಯಿತು. ಅಂಚಿನಿಂದ 37 ಮಿ.ಮೀ. ಒಳಗೆ 5 ಮಿ.ಮೀ. ತೂತುಗಳ ಸಾಲು, ಒಂದರಿಂದ ಒಂದಕ್ಕೆ 32 ಮಿ.ಮೀ. ಹಿಂಜ್ ಕೂರಲು 35 ಮಿ.ಮೀ. ಗುಂಡಿ. ನಮ್ಮವನು ಪೆನ್ಸಿಲ್, ಗುಣಿಯ ಹಿಡಿದು ಅರ್ಧ ದಿನ ಮಾಡುವ ಕೆಲಸ. ಅವನು ತನ್ನ ಟೇಪು ತೆಗೆದು ಅಳೆದ. ಮತ್ತೆ ಅಳೆದ. "ಮೇಡಂ, ಇದು ಸರಿಯಾಗಿದೆ. ಆದ್ರೆ ನಿಮ್ಮ ಗೋಡೆ ಸರಿ ಇರಲ್ವಲ್ಲ" ಅಂದ.

ಅವನು ಹೇಳಿದ್ದು ಸುಮ್ನೆ ಜಂಭಕ್ಕಲ್ಲ. ಮೈಸೂರಿನ ಹಳೆಯ ಮನೆಗಳಲ್ಲಿ ಗೋಡೆ ಮೇಲಿಂದ ಕೆಳಕ್ಕೆ ಒಂದಿಂಚು ಓಲುವುದು ಮಾಮೂಲು. ಹೊಸ ಅಪಾರ್ಟ್‌ಮೆಂಟಿನಲ್ಲೂ ಮೂಲೆ ಮಟ್ಟ ಇರುವುದು ಅಪರೂಪ. ಮಿಲಿಮೀಟರ್ ಲೆಕ್ಕದಲ್ಲಿ ಮಾಡಿದ ಪೆಟ್ಟಿಗೆಯನ್ನು ಅಂಥ ಗೋಡೆಗೆ ಕೂರಿಸಲು ಪಕ್ಕದಲ್ಲಿ ಸಂದು ಮುಚ್ಚುವ ಫಿಲ್ಲರ್ ಪಟ್ಟಿ ಬೇಕು, ಆ ಪಟ್ಟಿಯನ್ನು ಗೋಡೆಯ ಅಂಕುಡೊಂಕಿಗೆ ತಕ್ಕಂತೆ ಕೆತ್ತುವ ಕೈ ಬೇಕು. ಮೇಳದಲ್ಲಿ ಇದನ್ನು ಯಾರೂ ತೋರಿಸುವುದಿಲ್ಲ. ಸ್ಟಾಲಿನ ಗೋಡೆಗಳನ್ನು ಪೆಟ್ಟಿಗೆಗೆ ತಕ್ಕಂತೆ ಅವರೇ ಕಟ್ಟಿಕೊಂಡಿರುತ್ತಾರೆ, ಅಲ್ವಾ?

ಬಂದ ಮೇಲೆ ನಾವು ಕೆಲಸ ಹಂಚಿಕೊಳ್ಳುವ ರೀತಿ ಬದಲಾಯಿತು. ಕೊಯ್ಯುವುದು, ಅಂಚು ಕಟ್ಟುವುದು, ತೂತು ಕೊರೆಯುವುದು ಈಗ ಮೈಸೂರಿನ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದ ಒಂದು ಯೂನಿಟ್ಟಿನಲ್ಲಿ ಆಗುತ್ತದೆ. ಅಲ್ಲಿಗೆ ಕಳಿಸುವ ಡ್ರಾಯಿಂಗ್‌ನಲ್ಲಿ ಪ್ರತಿ ಹಲಗೆಯ ನಾಲ್ಕು ಅಂಚಿಗೂ ಯಾವ ಪಟ್ಟಿ, ಎಷ್ಟು ದಪ್ಪ, ಯಾವ ಅಂಟು ಅಂತ ಬರೆಯುತ್ತೇನೆ. ಒದ್ದೆಯಾಗುವ, ಬಿಸಿ ತಗುಲುವ ಕಡೆಗೆಲ್ಲ ಪಿಯುಆರ್. ಉಳಿದ ಕಡೆ ಇವಿಎ ಸಾಕು. ಬೆಡ್‌ರೂಮಿನ ಬೀರುವಿಗೆ ಅಷ್ಟೊಂದು ದುಡ್ಡು ಸುರಿಯುವುದು ವೇಸ್ಟು. ಅಳತೆ ತೆಗೆಯಲು ಮೇಸ್ತ್ರಿಯೇ ಬರುತ್ತಾನೆ, ಗೋಡೆಗೆ ಮಟ್ಟಗೋಲು ಇಟ್ಟು ಓಲುವಿಕೆ ಬರೆಸುತ್ತಾನೆ. ಫಿಟಿಂಗ್ ಪೂರ್ತಿ ಅವನದೇ. ಮನೆಯೊಳಗೆ ಗರಗಸದ ಧೂಳಿಲ್ಲ ಅಂತ ಮನೆಯವರಿಗೂ ಸಮಾಧಾನ. ಮೇಸ್ತ್ರಿ ಫಿಟಿಂಗ್ ರೇಟು ಏರಿಸಿದ. ನಾನು ಒಪ್ಪಿಕೊಂಡೆ.

ಬಿಲ್ಲಿನಲ್ಲಿ ಎಡ್ಜ್ ಬ್ಯಾಂಡಿಗೆ ಈಗ ಬೇರೆಯೇ ಸಾಲು ಇದೆ. ಕ್ಲೈಂಟ್‌ಗಳು ಮೊದಲು ಚೌಕಾಸಿಗೆ ಇಳಿಯುವುದು ಆ ಸಾಲಿನ ಮೇಲೆಯೇ. ಅದಕ್ಕೇ ಎರಡೂ ಬಗೆಯ ಅಂಟು ಹಾಕಿಸಿದ ತುಂಡುಗಳನ್ನು ಆಫೀಸಿನಲ್ಲಿ ಒಂದು ಬಕೆಟ್ ನೀರಿನಲ್ಲಿ ಮುಳುಗಿಸಿ ಇಟ್ಟಿದ್ದೇನೆ. ಕೈ ಹಾಕಿ ತೆಗೆದು ನೋಡಿ ಅಂತೀನಿ. ನೋಡಿದ ಮೇಲೂ, "ಅದೆಲ್ಲ ಸರಿ ಮೇಡಂ, ಆ ದುಡ್ಡಿಗೆ ಒಂದು ಫ್ಲೂಟೆಡ್ ಪ್ಯಾನೆಲ್ ಬರಲ್ವಾ?" ಅನ್ನುವವರು ಇದ್ದೇ ಇದ್ದಾರೆ.