ಇಲ್ಲ, ಬಾಕ್ಸರ್ ಅಲ್ಲ

ಕ್ಯಾಸಿಯಸ್ ಕ್ಲೇ ಅನ್ನುವುದು ಮೊಹಮ್ಮದ್ ಅಲಿಯ ಮೊದಲಿನ ಹೆಸರು. ನನಗೆ ಗೊತ್ತು. ಚೆನ್ನಾಗಿ ಗೊತ್ತು. ದಯವಿಟ್ಟು ಇನ್ಯಾರೂ ಹೇಳಬೇಡಿ.

ನಾನು ಹೋದಲ್ಲಿ ಬಂದಲ್ಲಿ ಕಥೆ ಹೇಳುತ್ತಿರುವುದು ಇನ್ನೊಬ್ಬ ಕ್ಯಾಸಿಯಸ್ ಮಾರ್ಸೆಲಸ್ ಕ್ಲೇ ಬಗ್ಗೆ. 1810ರಲ್ಲಿ ಅಮೆರಿಕದ ಕೆಂಟಕಿಯಲ್ಲಿ ಹುಟ್ಟಿ 1903ರಲ್ಲಿ ಸತ್ತವನು. ಬಿಳಿಯ. ಗುಲಾಮರನ್ನು ದುಡಿಸಿ ದೊಡ್ಡದಾದ ಮನೆಯ ಮಗ. ಗುಲಾಮಗಿರಿ ನಿಲ್ಲಬೇಕು ಅಂತ, ಗುಲಾಮರ ಮಾರಾಟ ನಡೆಯುತ್ತಿದ್ದ ಲೆಕ್ಸಿಂಗ್ಟನ್ ಊರಿನಲ್ಲೇ 1845ರಲ್ಲಿ ‘ಟ್ರೂ ಅಮೆರಿಕನ್’ ಅನ್ನುವ ವಾರಪತ್ರಿಕೆ ಶುರು ಮಾಡಿದವನು. ನಾನು ಇಷ್ಟು ಹೇಳುವಷ್ಟರಲ್ಲಿ ಎದುರಿಗಿದ್ದವರ ಮುಖ ಅರಳುತ್ತದೆ. "ಬಾಕ್ಸರ್ ಅಲ್ವಾ?"

ಆ ‘ಅಲ್ವಾ’ ಇದೆಯಲ್ಲ, ಅದೇ ನನಗೆ ಆಗದು. ಅದು ಪ್ರಶ್ನೆಯೇ ಅಲ್ಲ. ಉತ್ತರ ನನಗೆ ಗೊತ್ತಿದೆ, ನೀನು ಸುಮ್ನೆ ತಲೆಯಾಡಿಸು ಅಂತ ಅರ್ಥ.

ಹೋದ ವರ್ಷ ಒಂದು ಮದುವೆ ಊಟದಲ್ಲಿ ನನ್ನ ಷಡ್ಡಕ ಪಕ್ಕದ ಎಲೆಯಲ್ಲಿ ಕೂತಿದ್ದರು. ಕೋಸಂಬರಿ ಬಡಿಸುವಾಗ ಕಥೆ ಶುರು ಮಾಡಿದೆ. ಸಾರು ಬರುವ ಹೊತ್ತಿಗೆ ಆಫೀಸಿನ ಬಾಗಿಲಿಗೆ ಕಬ್ಬಿಣದ ತಗಡು ಹೊಡೆಸಿದ್ದರವರೆಗೆ ಬಂದಿದ್ದೆ. "ಅಲ್ರೀ," ಅಂದರು ಅವರು, "ಫ್ರೇಜಿಯರ್ ಜೊತೆ ಗುದ್ದಾಡ್ಕೊಂಡು ಇರೋದು ಬಿಟ್ಟು ಇವನಿಗ್ಯಾಕ್ ಬೇಕಿತ್ತು ಪೇಪರ್ ಉಸಾಬರಿ?" ಆಚೆ ಎಲೆಯ ಹಿರಿಯರೊಬ್ಬರು "ಕೊನೆಕೊನೆಗೆ ಕೈ ನಡುಗ್ತಿತ್ತು, ಪಾಪ" ಅಂದರು. ಮುಗಿಯಿತು. ಹೋಳಿಗೆ ಬಂದು ಹೋಗುವವರೆಗೂ ಇಡೀ ಪಂಕ್ತಿ ಅಲಿಯ ಪಾರ್ಕಿನ್‌ಸನ್ ಕಾಯಿಲೆ ಬಗ್ಗೆ ಮಾತಾಡಿತು. ನನ್ನ ಸಂಪಾದಕ ಎಲೆ ತುದಿಯ ಉಪ್ಪಿನ ಹಾಗೆ ಉಳಿದುಬಿಟ್ಟ.

ಸರಿ, ಸಂಬಂಧ ಏನು ಅಂತ ಒಂದೇ ಸಲ ಹೇಳುತ್ತೇನೆ, ಕೇಳಿಸಿಕೊಳ್ಳಿ. ಅಲಿ ಹುಟ್ಟಿದ್ದೂ ಕೆಂಟಕಿಯಲ್ಲೇ. ಲೂಯಿವಿಲ್‌ನಲ್ಲಿ, 1942ರಲ್ಲಿ. ಅವನ ಅಪ್ಪನಿಗೆ ಈ ಸಂಪಾದಕನ ಹೆಸರಿಟ್ಟಿದ್ದರು. ಅದೇ ಮಗನಿಗೂ ಬಂತು. 1964ರಲ್ಲಿ ಮಗ ‘ಇದು ಗುಲಾಮನ ಹೆಸರು’ ಅಂತ ಎಸೆದುಬಿಟ್ಟ.

ಇಷ್ಟು ಹೇಳಿದರೆ ಕೆಲವರು ಇನ್ನೂ ಬುದ್ಧಿವಂತರಾಗುತ್ತಾರೆ. "ಅಯ್ಯೋ, ಗುಲಾಮರನ್ನು ಬಿಡಿಸಿದವನ ಹೆಸರನ್ನೇ ಎಸೆದನಲ್ಲ!" ಈ ವಿಷಯದಲ್ಲಿ ನಾನು ಅಲಿ ಕಡೆ. ಕ್ಲೇ 1844ರಲ್ಲಿ ತನ್ನ ಗುಲಾಮರನ್ನು ಬಿಡುಗಡೆ ಮಾಡಿದ್ದು ನಿಜ. ಆದರೆ ಅಪ್ಪನ ಉಯಿಲಿನಲ್ಲಿ ಮನೆತನದ ಹೆಸರಿಗೆ ಕಟ್ಟಿಟ್ಟಿದ್ದವರು ಗುಲಾಮರಾಗಿಯೇ ಉಳಿದರು. ಕ್ಲೇಯ ಕೂಸಿಗೆ ವಿಷ ಹಾಕಿದಳು ಅಂತ ಮನೆಯ ಗುಲಾಮ ಹೆಂಗಸೊಬ್ಬಳ ಮೇಲೆ ಆರೋಪ ಬಂತು. ಕೋರ್ಟು ಅವಳನ್ನು ಖುಲಾಸೆ ಮಾಡಿತು. ಇವನು ಮಾತ್ರ ಅವಳನ್ನು ದಕ್ಷಿಣಕ್ಕೆ ಮಾರಿದ. ಪತ್ರಿಕೆಯ ದೊಡ್ಡ ವಾದವೂ ಬಿಳಿ ಕೂಲಿಯವನ ಹೊಟ್ಟೆಪಾಡಿನದೇ: ಬಿಟ್ಟಿ ದುಡಿಯುವವರು ಸಿಗುವಾಗ ನಿನಗೆ ಕೂಲಿ ಕೊಟ್ಟು ಯಾರು ಕರೀತಾರೆ? ಇಂಥವನ ಹುಚ್ಚು ನಿನಗೇಕೆ ಹಿಡಿಯಿತು ಅಂತ ಕೇಳಿ ಬೇಕಾದರೆ. ಅದನ್ನು ಯಾರೂ ಕೇಳುವುದಿಲ್ಲ.

ಇನ್ನೊಂದು ಪ್ರಶ್ನೆ ಚಾಕುವಿನದು. "ಯಾರದೋ ಕಣ್ಣು ಕಿತ್ತನಂತೆ?" ಹೌದು ಸ್ವಾಮಿ. 1843ರಲ್ಲಿ, ಒಂದು ಚುನಾವಣಾ ಸಭೆಯಲ್ಲಿ. ಸ್ಯಾಮ್ ಬ್ರೌನ್ ಅನ್ನುವವನು ಹಾರಿಸಿದ ಗುಂಡು ಕ್ಲೇ ಎದೆಯ ಮೇಲಿದ್ದ ಚಾಕುವಿನ ಒರೆಗೆ ಬಡಿದು ನಿಂತಿತು. ಆಮೇಲೆ ಚಾಕು ಒರೆಯಿಂದ ಹೊರಗೆ ಬಂತು. ಬ್ರೌನ್‌ನ ಒಂದು ಕಣ್ಣು ಹೋಯಿತು, ಕಿವಿ ಹೋಯಿತು, ಜೀವ ಉಳಿಯಿತು. ಕೇಸು ಬಿದ್ದದ್ದು ಕ್ಲೇ ಮೇಲೆ. ಆ ಕಾಲದ ದೊಡ್ಡ ರಾಜಕಾರಣಿ ಹೆನ್ರಿ ಕ್ಲೇ, ಇವನ ನೆಂಟ, ವಾದ ಮಾಡಿ ಬಿಡಿಸಿದ. 1849ರಲ್ಲಿ ಇನ್ನೊಂದು ಜಗಳದಲ್ಲಿ ಒಬ್ಬನನ್ನು ಕೊಂದೇಬಿಟ್ಟ. ಸಿನಿಮಾ ತೆಗೆಯುವವರಿಗೆ ಒಳ್ಳೇ ಸರಕು. ನನಗೆ ಅದರಲ್ಲಿ ಆಸಕ್ತಿ ಕಡಿಮೆ.

ನನ್ನನ್ನು ಯಾರಾದರೂ ಕೇಳಲಿ ಅಂತ ಕಾಯುತ್ತಿರುವ ಪ್ರಶ್ನೆಯೇ ಬೇರೆ. ಆಫೀಸಿನಲ್ಲಿ ಎರಡು ಫಿರಂಗಿ ಇಟ್ಟುಕೊಂಡಿದ್ದವನ ಪ್ರೆಸ್ಸನ್ನು ಒಂದೇ ಒಂದು ಗುಂಡು ಹಾರದೆ ಹೇಗೆ ಎತ್ತಿಕೊಂಡು ಹೋದರು?

ಫಿರಂಗಿ ಉತ್ಪ್ರೇಕ್ಷೆಯಲ್ಲ. 1886ರ ತನ್ನ ಆತ್ಮಕಥೆಯಲ್ಲಿ ಅವನೇ ಸಾಮಾನಿನ ಪಟ್ಟಿ ಕೊಟ್ಟಿದ್ದಾನೆ. ಇಟ್ಟಿಗೆ ಕಟ್ಟಡ. ಹೊರಬಾಗಿಲಿಗೆ ತಗಡು. ಸಿನ್ಸಿನಾಟಿಯಿಂದ ತರಿಸಿದ ಹಿತ್ತಾಳೆಯ ಎರಡು ಫಿರಂಗಿ, ಮೇಜಿನ ಮೇಲೆ, ಬಾಗಿಲಿಗೆ ಮುಖ ಮಾಡಿ. ಅದರೊಳಗೆ ಗುಂಡು ಮತ್ತು ಮೊಳೆ. ಅಚ್ಚಿನ ಲೋಹದ ಅಕ್ಷರಕ್ಕೂ ಮೊಳೆ ಅಂತಲೇ ಹೆಸರು, ಅದನ್ನು ವಿಂಗಡಿಸಿಡುವ ಖಾನೆಗಳ ತಟ್ಟೆಗೆ ಕೇಸು. ಅಂದರೆ ಫಿರಂಗಿಯಲ್ಲೂ ಮೊಳೆ, ಅಕ್ಷರದ ಕೇಸಿನಲ್ಲೂ ಮೊಳೆ. ಜೊತೆಗೆ ಬಂದೂಕು, ಈಟಿ. ತಪ್ಪಿಸಿಕೊಳ್ಳಲು ಸೂರಿನಲ್ಲಿ ಒಂದು ಕಿಂಡಿ. ಏನೂ ಸಾಗದಿದ್ದರೆ ಒಳಗೆ ನುಗ್ಗಿದವರ ಸಮೇತ ಎಲ್ಲವನ್ನೂ ಉಡಾಯಿಸಲು ಮದ್ದಿನ ಪೀಪಾಯಿ.

ಮೊದಲ ಸಂಚಿಕೆ ಬಂದದ್ದು ಜೂನ್ 3ಕ್ಕೆ. ಆಗಸ್ಟ್ 12ರ ಸಂಚಿಕೆಯಲ್ಲಿ ಊರ ಸಾಹುಕಾರರಿಗೆ ಒಂದು ಮಾತು ಹಾಕಿದ: ಬೀದಿಯಲ್ಲಿ ಗಟ್ಟಿ ತೋಳುಗಳಿವೆ, ಉರಿಯುವ ಎದೆಗಳಿವೆ, ನಿಮ್ಮ ಬೆಳ್ಳಿ ತಟ್ಟೆಗೂ ಅವರಿಗೂ ನಡುವೆ ಇರುವುದು ಕಿಟಕಿಯ ಗಾಜು ಮಾತ್ರ. ಊರು ಹೊತ್ತಿಕೊಂಡಿತು. ಪತ್ರಿಕೆ ನಿಲ್ಲಿಸು ಅಂತ ಮುಖಂಡರ ಕಾಗದ ಬಂತು. ಕ್ಲೇ ಆಗ ಟೈಫಾಯಿಡ್ ಹಿಡಿದು ಮಲಗಿದ್ದ. ಜ್ವರದಲ್ಲೇ, ನೀವು ಕದ್ದು ಸೇರುವ ಹೇಡಿ ಕೊಲೆಗಡುಕರು ಅಂತ ಉತ್ತರ ಕಳಿಸಿದ.

18ನೇ ತಾರೀಕು ಜನ ಸೇರಿದರು. ಅರವತ್ತು ಜನರ ಒಂದು ಸಮಿತಿ ಆಯಿತು. ಅದರಲ್ಲಿ ಹೆನ್ರಿ ಕ್ಲೇ ಮಗನೂ ಇದ್ದ. ಅಪ್ಪ ಇವನನ್ನು ಜೈಲಿನಿಂದ ಉಳಿಸಿ ಇನ್ನೂ ಎರಡು ವರ್ಷ ಆಗಿತ್ತಷ್ಟೆ. ಊರಿನ ನ್ಯಾಯಾಧೀಶ ಒಂದು ಆದೇಶ ಹೊರಡಿಸಿದ. ಕ್ಲೇ ಹಾಸಿಗೆಯಲ್ಲಿದ್ದುಕೊಂಡೇ ಆಫೀಸಿನ ಬೀಗದ ಕೈ ಕೊಟ್ಟುಬಿಟ್ಟ. ಫಿರಂಗಿ ಪುಂಡರಿಗೆ ಕಾಯುತ್ತಿತ್ತು. ಬಂದದ್ದು ಕೋರ್ಟಿನ ಕಾಗದ.

ಇದಕ್ಕೆ ಎಂಟು ವರ್ಷ ಮುಂಚೆ, 1837ರಲ್ಲಿ, ಇಲಿನಾಯ್‌ನ ಆಲ್ಟನ್‌ನಲ್ಲಿ ಎಲೈಜಾ ಲವ್‌ಜಾಯ್ ಅನ್ನುವ ಸಂಪಾದಕನನ್ನು ಗುಂಪು ಕೊಂದು, ಅವನ ಪ್ರೆಸ್ಸನ್ನು ಒಡೆದು ನದಿಗೆ ಎಸೆದಿತ್ತು. ಲೆಕ್ಸಿಂಗ್ಟನ್‌ನವರು ಮರ್ಯಾದಸ್ಥರು. ಪ್ರೆಸ್ಸು ಬಿಚ್ಚಿದರು, ಮೊಳೆಗಳನ್ನು ಪೆಟ್ಟಿಗೆಗೆ ತುಂಬಿದರು, ರೈಲಿನಲ್ಲಿ ಹಡಗಿನಲ್ಲಿ ಸಿನ್ಸಿನಾಟಿಗೆ ಕಳಿಸಿದರು. ಸಾಗಾಣಿಕೆ ಖರ್ಚು ಕೊಟ್ಟಿದ್ದೇವೆ, ನಿಮ್ಮ ಸಾಮಾನು ಅಲ್ಲಿದೆ, ಬೇಕಾದಾಗ ತಗೊಳ್ಳಿ ಅಂತ ಕಾಗದವನ್ನೂ ಬರೆದರು! ನನಗೆ ಇದರಷ್ಟು ಹೆದರಿಕೆ ಆ ಚಾಕು ಹುಟ್ಟಿಸಲಿಲ್ಲ. ಆಮೇಲೆ ಕ್ಲೇ ಕೇಸು ಹಾಕಿ 2,500 ಡಾಲರ್ ವಸೂಲಿ ಮಾಡಿದ. ಮೆಕ್ಸಿಕೋ ಯುದ್ಧಕ್ಕೆ ಹೋದ, ಲಿಂಕನ್ ಕಾಲದಲ್ಲಿ ರಷ್ಯಾಕ್ಕೆ ರಾಯಭಾರಿಯಾದ, 84ನೇ ವಯಸ್ಸಿನಲ್ಲಿ 15ರ ಹುಡುಗಿಯನ್ನು ಮದುವೆಯಾದ. ಅದನ್ನೆಲ್ಲ ನೀವೇ ಹುಡುಕಿಕೊಂಡು ಓದಿ.

ಪ್ರೆಸ್ಸಿನ ಮೇಲೆ ನನಗೇಕೆ ಇಷ್ಟು ಕಣ್ಣು ಅಂದರೆ, ನಮ್ಮಪ್ಪನದು ಟ್ರೆಡಲ್ ಪ್ರೆಸ್ಸಿತ್ತು, ಕಾಲಲ್ಲಿ ತುಳಿದು ಅಚ್ಚು ಹಾಕುವಂಥದ್ದು. ಮದುವೆ ಕರೆಯೋಲೆ, ಬಿಲ್ ಬುಕ್ಕು, ಜಾತ್ರೆ ಕರಪತ್ರ. ಒಮ್ಮೆ ಅಂಗಡಿಯನ್ನು ಎರಡು ಬೀದಿ ಆಚೆಗೆ ಸಾಗಿಸುವಾಗ ಒತ್ತಕ್ಷರದ ಕೇಸು ಕೈಜಾರಿತು. ಅಪ್ಪ, ಕಂಪೋಸಿಟರ್ ಇಬ್ಬರೂ ಒಂದು ವಾರ ನೆಲದ ಮೇಲೆ ಕೂತು, ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ ಮೊಳೆ ಆರಿಸಿದರು. ಆದರೂ ಆ ಸೀಸನ್ನಿನಲ್ಲಿ ಒಬ್ಬರ ಕರೆಯೋಲೆ ‘ಶುಭ ಕಲ್ವಾಣ’ ಅಂತ ಅಚ್ಚಾಯಿತು.

ಅಪ್ಪನಿಗೆ ಈ ಕಥೆ ಹೇಳಿದಾಗ ಅವರು ಬಾಕ್ಸರ್ ಸುದ್ದಿ ಎತ್ತಲಿಲ್ಲ. ಪೂರ್ತಿ ಕೇಳಿ, "ಅಷ್ಟು ದೂರ ಸಾಗಿಸಿದ್ರಲ್ಲ, ಮೊಳೆ ಬೆರಕೆ ಆಗ್ಲಿಲ್ವಾ?" ಅಂದರು. ಪತ್ರಿಕೆ ಕೆಲವು ವಾರ ನಿಂತು, ಸಿನ್ಸಿನಾಟಿಯಲ್ಲಿ ಅಚ್ಚಾಗಿ, ಲೆಕ್ಸಿಂಗ್ಟನ್ ಅಂತಲೇ ಊರ ಹೆಸರು ಹಾಕಿಕೊಂಡು ಮತ್ತೆ ಬಂತು ಅಂತ ಹೇಳಿದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಹಾಗಾದ್ರೆ ಆ ಅರವತ್ತು ಜನದ ಜೊತೆ ಪ್ರೆಸ್ಸಿನವನೂ ಒಬ್ಬ ಇದ್ದಿರಬೇಕು," ಅಂದರು. "ಬರೀ ವಕೀಲರಿಗೆ ಹಾಗೆ ಕಟ್ಟೋಕೆ ಬರಲ್ಲ."